ಕೊತ್ತತ್ತಿಯವರು ತೋಟ ಹಾಕಿಕೊಟ್ಟ ವರ್ಷ

ಹೋದ ತಿಂಗಳು ಮೈಸೂರಿನಲ್ಲಿ ನನ್ನ ತಮ್ಮನ ಮನೆಗೆ ಹೋಗಿದ್ದಾಗ ಅವನ ಗೇಟಿನ ಮುಂದೆ ಒಂದು ಲಾರಿ ನಿಂತಿತ್ತು. ಒಂದೇ ಬಣ್ಣದ ಅಂಗಿ ತೊಟ್ಟ ನಾಲ್ಕು ಜನ ಹುಲ್ಲನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ತಂದು ಇಳಿಸುತ್ತಿದ್ದರು. ಬೆಳಿಗ್ಗೆ ತಿಂಡಿ ತಿನ್ನುವಾಗ ಬೋಳು ನೆಲ, ಸಂಜೆ ಕಾಫಿ ಕುಡಿಯುವ ಹೊತ್ತಿಗೆ ಹಸಿರು ತೋಟ. ತಮ್ಮ ಹೆಮ್ಮೆಯಿಂದ ಪೈಪು ಹಿಡಿದು ನೀರು ಬಿಟ್ಟ. ನೀರು ಜಾಸ್ತಿಯಾಗಿ ಒಂದು ಮೂಲೆಯಲ್ಲಿ ನಿಂತು, ಕೆಳಗಿನ ಮಣ್ಣು ಕದಡಿ, ಕೆಸರಿನ ವಾಸನೆ ಎದ್ದಿತು. ನಾನು ಕಾಫಿ ಲೋಟ ಕೆಳಗಿಟ್ಟೆ. ಕಣ್ಣು ಮಂಜಾಗಿದೆ, ಕಿವಿ ಅಷ್ಟಕ್ಕಷ್ಟೆ, ಆದರೆ ಮೂಗಿಗೆ ಮಾತ್ರ ವಯಸ್ಸಾಗಿಲ್ಲ ನೋಡಿ.

ಮಾರನೆಯ ದಿನ ಆ ಕಂಪನಿಯಿಂದ ಒಬ್ಬ ಹುಡುಗಿ ಫೋನು ಮಾಡಿ, ಕೆಲಸ ಹೇಗಿತ್ತು, ಐದಕ್ಕೆ ಎಷ್ಟು ಅಂಕ ಕೊಡ್ತೀರಿ ಎಂದು ಕೇಳಿದಳು. ಮಕ್ಕಳಿಗೆ ಅಂಕ ಕೊಟ್ಟುಕೊಂಡೇ ಬದುಕಿದವಳು ನಾನು ಅಂತ ತಮ್ಮ ಫೋನನ್ನು ನನ್ನ ಕೈಗೇ ಕೊಟ್ಟ. "ನಾಲ್ಕು ಕೊಡ್ತೀನಮ್ಮ" ಅಂದೆ. "ಒಂದು ಯಾಕೆ ಕಡಿಮೆ ಮೇಡಂ?" ಅಂದಳು ಪಾಪ. ಏನು ಹೇಳಲಿ? ನನಗೆ ತೋಟ ಹಾಕಿಕೊಟ್ಟವರು ಅಂಕ ಕೇಳಿರಲಿಲ್ಲ, ನನ್ನ ಸೊಂಟವನ್ನೇ ಕೇಳಿದ್ದರು ಅಂತ ಹೇಳಿದರೆ ಆ ಮಗುವಿಗೆ ಅರ್ಥವಾಗುತ್ತಿತ್ತೇ?

ಅದು ಎಪ್ಪತ್ನಾಲ್ಕನೆಯ ಇಸವಿಯ ಮಳೆಗಾಲ. ನಾನು ಕೊತ್ತತ್ತಿಯ ಶಾಲೆಯಲ್ಲಿ ಮೇಡಂ ಆಗಿದ್ದೆ. ನಮ್ಮ ಯಜಮಾನರು ಮಂಡ್ಯದಲ್ಲಿ ಒಂದು ಸರ್ಕಾರಿ ಕಚೇರಿಯ ಗುಮಾಸ್ತರು. ನಮಗೆ ಐದು ವರ್ಷದ ಮಗಳು, ವೀಣಾ. ಮಂಡ್ಯದ ಅಂಚಿನಲ್ಲಿ ಹೊಸದಾಗಿ ಎದ್ದ ಬಡಾವಣೆಯಲ್ಲಿ ಹಿಂದಿನ ವರ್ಷವಷ್ಟೇ ಗೃಹಪ್ರವೇಶ ಮಾಡಿದ್ದೆವು. ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ, ಕಟ್ಟಿಯೂ ಆಗಿತ್ತು, ನೋಡಿಯೂ ಆಗಿತ್ತು. ಅದಕ್ಕೆ ಮುಂಚೆ ಅದೆಲ್ಲ ಗದ್ದೆ ಬಯಲು. ಮಣ್ಣು ತುಂಬಿ, ನಿವೇಶನ ಮಾಡಿ, ಕಲ್ಲು ನೆಟ್ಟಿದ್ದರು. ಮನೆಯ ಸುತ್ತ ನಮ್ಮ ಯಜಮಾನರು ತಾವೇ ನಿಂತು ಕಾಂಪೌಂಡು ಕಟ್ಟಿಸಿದ್ದರು. ಮನೆಗಿಂತ ಆ ಗೋಡೆಯ ಮೇಲೇ ಅವರಿಗೆ ಪ್ರೀತಿ ಹೆಚ್ಚು.

ಮಳೆ ಬಂದರೆ ಮನೆ ಸೋರುವುದು ಎಲ್ಲರಿಗೂ ಗೊತ್ತಿರುವ ಕಷ್ಟ. ನಮ್ಮದು ಹಾಗಲ್ಲ. ತಾರಸಿ ಒಣಗಿರುತ್ತಿತ್ತು, ಆಕಾಶದಲ್ಲಿ ಒಂದು ಮೋಡ ಇರುತ್ತಿರಲಿಲ್ಲ, ಆದರೆ ಕನ್ನಂಬಾಡಿಯಿಂದ ನಾಲೆಗೆ ನೀರು ಬಿಟ್ಟ ವಾರಕ್ಕೆ ಅಡುಗೆಮನೆಯ ನೆಲ ಬೆವರಲು ಶುರು. ನಾಲೆ ಮೇಲಿತ್ತು, ನಾವು ಕೆಳಗಿದ್ದೆವು. ಮೇಲಿನ ಗದ್ದೆಗಳಲ್ಲಿ ಇಂಗಿದ ನೀರು ಯಾರಿಗೂ ಕಾಣದ ಹಾಗೆ ಬಂದು ನಮ್ಮ ಪಾಯದೊಳಗೆ ಸೇರುತ್ತಿತ್ತು. ಹಾಸಿಗೆ ಮೆತ್ತಗೆ, ಉಪ್ಪಿನ ಭರಣಿ ನೀರು, ಗೋಡೆಯ ಸುಣ್ಣ ಹಪ್ಪಳವಾಗಿ ಉದುರುವುದು. ಇವನ್ನೆಲ್ಲ ಸಹಿಸಬಹುದಿತ್ತು. ವೀಣಾಳಿಗೆ ಉಬ್ಬಸ ಶುರುವಾಯಿತು. ಮಗು ಉಸಿರೆಳೆದುಕೊಳ್ಳುವ ಸದ್ದು ಕೇಳುತ್ತ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಡಾಕ್ಟರು ಔಷಧಿ ಬರೆದುಕೊಟ್ಟು, "ಮನೆಯ ಥಂಡಿ ಹೋಗಬೇಕು, ಇಲ್ಲ ನೀವು ಆ ಮನೆಯಿಂದ ಹೋಗಬೇಕು" ಎಂದು ಕಡ್ಡಿ ಮುರಿದ ಹಾಗೆ ಹೇಳಿದರು.

ಹಿತ್ತಲಲ್ಲಿ ಗಿಡ ಹುಲ್ಲು ಹಾಕಿದರೆ ಅವು ನೀರು ಕುಡಿಯುತ್ತವೆ, ಥಂಡಿ ಇಳಿಯುತ್ತದೆ ಎಂದು ಯಜಮಾನರ ಕಚೇರಿಯಲ್ಲಿ ಯಾರೋ ಹೇಳಿದರು. ಸರಿ, ಬೇಸಿಗೆಯಲ್ಲಿ ಬೇರೆ ಊರಿನಿಂದ ಒಬ್ಬ ತೋಟದ ಕಂಟ್ರಾಕ್ಟರನ್ನು ಕರೆಸಿದರು. ಹಿತ್ತಲ ಗಿಡ ಮದ್ದಲ್ಲ, ಹತ್ತಿರದವರು ನಮ್ಮ ಕಣ್ಣಿಗೆ ಬೀಳಲಿಲ್ಲ. ಆ ಮನುಷ್ಯ ಒಳ್ಳೆಯವನೇ, ಸುಳ್ಳು ಹೇಳಬಾರದು. ನೀಲಿ ಕಾಗದದ ಮೇಲೆ ನಮ್ಮ ಹಿತ್ತಲಿನ ನಕ್ಷೆ ಬರೆದು ತಂದ. ನಡುವೆ ಗುಂಡನೆಯ ಹುಲ್ಲುಹಾಸು, ಸುತ್ತ ಕ್ರೋಟನ್ನು, ಅಂಚಿಗೆ ಗುಲಾಬಿ, ಬಾಗಿಲಿಗೆ ಒಂದು ಕಮಾನು. ಥೇಟು ಬೃಂದಾವನ, ದೀಪ ಒಂದು ಕಡಿಮೆ, ಅಷ್ಟೆ. ಮೇ ತಿಂಗಳಲ್ಲಿ ಅದು ಎಷ್ಟು ಚೆನ್ನಾಗಿತ್ತೆಂದರೆ ನಾನು ಶಾಲೆಯ ಮೇಡಂಗಳನ್ನೆಲ್ಲ ಕರೆದು ತೋರಿಸಿ ಕೋಸಂಬರಿ ಹಂಚಿದ್ದೆ.

ಜೂನ್ ಕೊನೆಯಲ್ಲಿ ನಾಲೆಗೆ ನೀರು ಬಂತು. ಹದಿನೈದು ದಿನದಲ್ಲಿ ಹುಲ್ಲು ಹಳದಿಯಾಯಿತು, ಗುಲಾಬಿಯ ಬುಡ ಕೊಳೆತು ನಾರಿತು. ಕಂಟ್ರಾಕ್ಟರು ಬಂದು ನೋಡಿ, "ಗಿಡದ್ದೇನೂ ತಪ್ಪಿಲ್ಲ ಸಾರ್, ನಿಮ್ಮ ನೆಲ ಸರಿಯಿಲ್ಲ" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವನ ಮುಖದೆದುರೇ ಆ ಗಾದೆ ಹೇಳಿಬಿಟ್ಟೆ. ಆಮೇಲೆ ಅವನು ಬರಲೇ ಇಲ್ಲ. ಅಡುಗೆಮನೆ ಮತ್ತೆ ಬೆವರಿತು. ವೀಣಾ ಮತ್ತೆ ಮಲಗಿದಳು.

ಒಂದು ಸಂಜೆ ಯಜಮಾನರು ಕಚೇರಿಯಿಂದ ಬಂದು ಚಪ್ಪಲಿ ಕೂಡ ಬಿಡದೆ ಹೇಳಿದರು: "ಕಮಲಾ, ಮನೆ ಮಾರಿಬಿಡೋಣ. ಮೈಸೂರಲ್ಲೋ ಎಲ್ಲೋ ಬಾಡಿಗೆಗೆ ಇರೋಣ. ಮದ್ದೂರಿನ ಬೆಲ್ಲದ ಸಾಹುಕಾರರು ಈ ಕಡೆ ಮನೆ ಹುಡುಕ್ತಾ ಇದ್ದಾರಂತೆ."

ಆ ಮನೆಯ ಒಂದೊಂದು ಇಟ್ಟಿಗೆಗೂ ನಾನು ನೀರು ಹಾಕಿದ್ದೆ. ಬೆಳಿಗ್ಗೆ ಬಸ್ಸು ಹಿಡಿಯುವ ಮುಂಚೆ ಒಂದು ಸಲ, ಸಂಜೆ ಬಂದು ಒಂದು ಸಲ. ಹುಟ್ಟಿದಾಗಿನಿಂದ ಬಾಡಿಗೆ ಮನೆಗಳಲ್ಲೇ ಬೆಳೆದವಳು ನಾನು. ಮೊಳೆ ಹೊಡೆಯಲೂ ಯಾರನ್ನೋ ಕೇಳಬೇಕಾದ ಮನೆಗಳು. ಈ ಮನೆ ಹೋದರೆ ಇನ್ನೊಂದು ನಮ್ಮ ಜನ್ಮಕ್ಕಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದರೆ ಮಗುವಿನ ಎದೆ ಗೊರಗುಟ್ಟುವಾಗ ಯಾವ ಬಾಯಲ್ಲಿ ಬೇಡ ಅನ್ನಲಿ? "ಸ್ವಲ್ಪ ದಿನ ತಡೀರಿ" ಅಂದೆ, ಅಷ್ಟೆ.

ಬೋರೇಗೌಡರ ನೆನಪಾದದ್ದು ಮಾರನೆಯ ದಿನ, ಶಾಲೆಯ ಅಂಗಳದಲ್ಲಿ ಪ್ರಾರ್ಥನೆಗೆ ನಿಂತಾಗ. ಒಂದು ಕಾಲದಲ್ಲಿ ಆ ಅಂಗಳ ಮಳೆ ಬಂದರೆ ಕೆರೆ. ಹಿಂದಿನ ವರ್ಷ ಬೋರೇಗೌಡರು, ಅವರ ಮೊಮ್ಮಗಳು ನನ್ನ ತರಗತಿಯಲ್ಲೇ ಇದ್ದಳು, ಮಣ್ಣು ಕಡಿಯುವ ಸನಿಕೆ ಹಿಡಿದು ಬಂದು ಅರ್ಧ ದಿನದಲ್ಲಿ ನೀರಿಗೆ ದಾರಿ ಮಾಡಿಕೊಟ್ಟು ಹೋಗಿದ್ದರು. ಅಂದಿನಿಂದ ಅಂಗಳದಲ್ಲಿ ನೀರು ನಿಂತದ್ದಿಲ್ಲ. ಕೊತ್ತತ್ತಿಯಲ್ಲಿ ಯಾರ ಗದ್ದೆ ಮಟ್ಟ ಮಾಡಬೇಕಾದರೂ ಮೊದಲು ಅವರ ಬಾಯಿಂದ ಒಂದು ಮಾತು ಕೇಳುತ್ತಿದ್ದರು. ಮಧ್ಯಾಹ್ನ ಬಿಡುವಿನಲ್ಲಿ ಅವರ ಮನೆಗೆ ಹೋಗಿ ನನ್ನ ಕಥೆಯನ್ನೆಲ್ಲ ಹೇಳಿಕೊಂಡೆ. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಮಡಿಸುತ್ತ ಕೇಳಿಸಿಕೊಂಡರು.

"ಆ ಬಯಲಾ? ಅಲ್ಲಿ ನಮ್ ಸ್ವಾದರಮಾವಂದು ಗದ್ದೆ ಇತ್ತು ಕಣವ್ವ. ಅಲ್ಲಿ ನೀರು ನಿಲ್ಲಾಕಿಲ್ಲ, ಓಡ್ತದೆ. ನೀವು ಎಲ್ಲೋ ಅದುನ್ನ ತಡ್ದಿದ್ದೀರಿ."

"ಬಂದು ನೋಡ್ತೀರಾ? ಎಷ್ಟು ಆಳು ಬೇಕು, ಕೂಲಿ ಏನು ಅಂತ ಹೇಳಿದ್ರೆ..."

ಅವರ ಕೈ ಎಲೆಯ ಮೇಲೆ ನಿಂತಿತು. "ಕೂಲಿಗಾ? ನಾನು ಇನ್ನೊಬ್ರ ಅಟ್ಟಿಗೆ ಕೂಲಿಗೆ ಓಗಾಕಿಲ್ಲ ಕಣವ್ವ. ನಮ್ಮಪ್ಪನೂ ಓಗ್ಲಿಲ್ಲ."

ನನಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಒಳಗಿನಿಂದ ಅವರ ಹೆಂಡತಿ ಚಿಕ್ಕತಾಯಮ್ಮ ಬಂದರು. ಎತ್ತರದ ಹೆಂಗಸು, ಮಾತು ಇನ್ನೂ ಎತ್ತರ. "ಅದುಕ್ಯಾಕೆ ಮುಕ ಸಣ್ಣುಕ್ ಮಾಡ್ಕತೀರಿ ಮೇಡಂನೋರೇ? ಮುಯ್ಯಾಳ್ಗೆ ಬತ್ತೀವಿ ಬುಡಿ. ನಾವು ನಿಮ್ ಕೆಲ್ಸುಕ್ಕೆ ಬರದು, ನೀವು ನಮ್ ನಾಟಿಗೆ ಬರದು. ನಿಮ್ಮಟ್ಟಿಯಿಂದ ಎರಡಾಳು. ಗಂಡ ಎಂಡ್ತಿ ಇಬ್ರೂವೆ ಬರ್ಬೇಕು, ಆಮೇಲೆ ಅದೂ ಇದೂ ಅನ್ಬಾರ್ದು."

ಆ ಕಡೆಯ ರೈತರಲ್ಲಿ ಇದು ಮಾಮೂಲು. ಇವತ್ತು ನಿನ್ನ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀನು. ಕೂಲಿಯ ಮಾತೇ ಇಲ್ಲ, ಮೈ ಬಗ್ಗಿಸಿದ್ದಕ್ಕೆ ಮೈ ಬಗ್ಗಿಸುವುದು. ಶಾಲೆಯಲ್ಲಿ ಅರ್ಧ ಮಕ್ಕಳು "ಮುಯ್ಯಿಗೆ ಓಗಿದ್ದೆ ಮೇಡಂ" ಅಂತ ರಜ ಹಾಕುತ್ತಿದ್ದುದರಿಂದ ನನಗೂ ಚೆನ್ನಾಗಿಯೇ ಗೊತ್ತಿತ್ತು. ಆದರೆ ಸೀರೆಯ ನಿರಿಗೆ ಕದಲದ ಹಾಗೆ ಬಸ್ಸು ಹತ್ತುವ ನನ್ನನ್ನು, ಪಂಚೆಗೆ ಇಸ್ತ್ರಿ ಇಲ್ಲದೆ ಹೊರಬೀಳದ ನನ್ನ ಗಂಡನನ್ನು ಇವರು ನಿಜವಾಗಿ ಗದ್ದೆಗೆ ಇಳಿಸುತ್ತಾರೆಯೇ? ಮರ್ಯಾದೆಗೆ ಹೇಳುವ ಮಾತು ಅಂದುಕೊಂಡೆ. "ಆಗಲಿ, ಬರ್ತೀವಿ" ಅಂತ ನಗುತ್ತ ಮಾತು ಕೊಟ್ಟೆ.

ಶನಿವಾರ ಮಧ್ಯಾಹ್ನ ಬೋರೇಗೌಡರು ನಮ್ಮ ಮನೆಗೆ ಬಂದರು. ಕೈಯಲ್ಲಿ ಸನಿಕೆ, ಹಾರೆ, ಹೆಗಲ ಮೇಲೆ ಭತ್ತದ ಹೊಟ್ಟಿನ ಒಂದು ಸಣ್ಣ ಚೀಲ. ಸತ್ತ ಹುಲ್ಲನ್ನಾಗಲಿ ಕಮಾನನ್ನಾಗಲಿ ನೋಡಲಿಲ್ಲ. ಹಾರೆಯಿಂದ ಅಲ್ಲಲ್ಲಿ ಚುಚ್ಚಿ, ತುದಿಗೆ ಹತ್ತಿದ ಮಣ್ಣನ್ನು ಮೂಸಿದರು. ಆಮೇಲೆ ಗೇಟಿನ ಹೊರಗೆ ಹೋಗಿ, ಮೇಲಿನ ಗದ್ದೆಯ ಕಾಲುವೆಯನ್ನು ಸನಿಕೆಯಿಂದ ಎರಡು ಏಟು ಕಡಿದು, ನೀರನ್ನು ಗೇಟಿನ ಅಡಿಯಿಂದ ಸೀದಾ ನಮ್ಮ ಹಿತ್ತಲಿಗೆ ತಿರುಗಿಸಿಬಿಟ್ಟರು.

ನಮ್ಮ ಯಜಮಾನರು ಒಳಗಿನಿಂದ ಓಡಿ ಬಂದರು. "ಏನ್ರೀ ಇದು ಗೌಡರೇ! ಒದ್ದೆ ಆಗ್ತಾ ಇದೆ ಅಂತ ಕರೆದ್ರೆ ನೀರು ಬಿಡ್ತಾ ಇದ್ದೀರಲ್ಲ!"

"ವಸಿ ತಡ್ಕಳಿ ಅಯ್ನೋರೇ. ಕಳ್ಳುನ್ನ ಇಡೀಬೇಕಾದ್ರೆ ಒಳುಕ್ಕೆ ಬುಟ್ಕಂಡೇ ಇಡೀಬೇಕು."

ಹಿತ್ತಲಿನ ತುಂಬ ಗೇಣುದ್ದ ನೀರಾಯಿತು. ಗೌಡರು ಕಾಲುವೆ ಮುಚ್ಚಿ ಬಂದು, ಚೀಲದ ಹೊಟ್ಟನ್ನು ಬಿತ್ತನೆಯ ಹಾಗೆ ನೀರಿನ ಮೇಲೆಲ್ಲ ಎರಚಿ, ಕಾಂಪೌಂಡಿನ ಮೇಲೆ ಕೂತು ಬೀಡಿ ಹಚ್ಚಿದರು. ನಾವೂ ನಿಂತೆವು. ವೀಣಾ ಕಿಟಕಿಯಲ್ಲಿ ಕೂತು ನೋಡುತ್ತಿದ್ದಳು. ಮೊದಲು ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಹೊಟ್ಟು ಕದಲಿತು. ಅಡುಗೆಮನೆಯ ಕಡೆಯದು, ಬಾವಿಯ ಕಡೆಯದು, ಎಲ್ಲ ನಿಧಾನವಾಗಿ ಒಂದೇ ಕಡೆ ಹೊರಟು, ಬಲಮೂಲೆಯ ಗೋಡೆಗೆ ಹೋಗಿ ಗುಂಪುಗೂಡಿತು.

"ನೋಡಿ, ಎಂಗೆ ಬಾಗ್ಲು ತಟ್ತಾ ನಿಂತದೆ!" ಅಂದರು ಗೌಡರು. "ಇಲ್ಲೇ ಇದ್ದುದ್ದು ಬಸಿಗಾಲುವೆ. ಗದ್ದೆ ನೀರೆಲ್ಲ ಬಸ್ದು ಇದ್ರಗೇ ಓಗದು. ನೀವು ಅದ್ರು ಬಾಯ್ಗೇ ಗ್ವಾಡೆ ಕಟ್ಟಿದ್ದೀರಿ. ಅದು ಇನ್ನೆಲ್ಲಿಗೋದದು? ಇಂದುಕ್ಕೆ ತಿರುಕ್ಕಂಡು ನಿಮ್ ಅಡ್ಗೆಮನೆಗೇ ಬತ್ತದೆ. ಇಲ್ಲಿ ಗ್ವಾಡೆ ಒಡೀಬೇಕು."

ಗೋಡೆ ಎಂಬ ಮಾತು ಬಂದದ್ದೇ ನಮ್ಮ ಯಜಮಾನರ ಮುಖ ಕೆಂಪಾಯಿತು. ಗೌಡರು ಹೋದ ಮೇಲೆ ನನ್ನ ಮೇಲೆ ತಿರುಗಿದರು. "ಹೊಟ್ಟು ಎರಚಿದೋರ ಮಾತು ಕೇಳಿ ಹೊಸ ಗೋಡೆ ಒಡೆಸೋಕೆ ನನಗೇನು ತಲೆ ಕೆಟ್ಟಿದೆಯಾ? ತೂತು ಬಿದ್ದ ಕಾಂಪೌಂಡಿನ ಮನೇನ ಯಾರು ಕೊಳ್ತಾರೆ?"

"ಕೊಳ್ಳೋರ ಯೋಚನೆ ನಿಮಗೆ. ಇರೋರ ಯೋಚನೆ ನನಗೆ" ಅಂದೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ಗಂಡಸರ ಎದುರು ವಾದ ಗೆಲ್ಲಲು ಅಳುವುದು ನನಗೆ ಆಗದು; ಅದು ನಿಜವಾದ ಅಳು. ಅವರಿಗೂ ಅದು ಗೊತ್ತಾಗಿರಬೇಕು. ಮಾರನೆಯ ಬೆಳಿಗ್ಗೆ ಷೇವಿಂಗ್ ಕನ್ನಡಿಯಲ್ಲಿ ನನ್ನನ್ನು ನೋಡದೆ ಹೇಳಿದರು: "ಒಡೆಸು. ಆದರೆ ಶ್ರಾವಣದ ಕೊನೆ ಭಾನುವಾರ ಸಾಹುಕಾರರು ಮನೆ ನೋಡೋಕೆ ಬರ್ತಾರೆ. ನಾನು ಮಾತು ಕೊಟ್ಟಾಗಿದೆ. ಅಲ್ಲಿವರೆಗೆ ನೋಡೋಣ."

ಕೊತ್ತತ್ತಿಯಿಂದ ಎರಡು ಗಾಡಿಯಲ್ಲಿ ಒಂಬತ್ತು ಜನ ಬಂದರು. ಮೂರು ದಿನ ಕೆಲಸ. ಗಂಡಸರು ಮೇಲಿನ ಗೋಡೆಯ ಒಳಗುಂಟ ಎದೆಯುದ್ದ ಕಾಲುವೆ ತೋಡಿ, ಮನೆಯನ್ನು ಬಳಸಿಕೊಂಡು ಬಂದು, ಬಲಮೂಲೆಯ ಗೋಡೆಯನ್ನು ಒಡೆದು ಹೊರಗಿನ ಹಳೆಯ ಬಸಿಗಾಲುವೆಗೆ ಸೇರಿಸಿದರು. ಗೋಡೆ ಒಡೆಯುವ ದಿನ ಯಜಮಾನರು ರಜ ಇದ್ದರೂ ಕಚೇರಿಗೆ ಹೋದರು. ಆಮೇಲೆ ಕೆರೆಯ ಗೋಡು ಮಣ್ಣು ತಂದು ಸುರಿದು, ಹಿತ್ತಲನ್ನು ಇಳಿಜಾರಿಗೆ ತಕ್ಕ ಹಾಗೆ ಮೂರು ಮೆಟ್ಟಿಲಿನ ಗದ್ದೆಗಳಂತೆ ಮಾಡಿ, ನಡುವೆ ಪುಟ್ಟ ಬದು ಕಟ್ಟಿದರು. ನೀಲಿ ಕಾಗದ ಇರಲಿಲ್ಲ. ಗೌಡರು ಆಗಾಗ ಒಂದು ಚೊಂಬು ನೀರು ಸುರಿದು ನೋಡುತ್ತಿದ್ದರು, ಅಷ್ಟೇ ಅವರ ನಕ್ಷೆ.

ಹುಲ್ಲು ಹಾಕುವುದು ಹೆಂಗಸರ ಪಾಲಿಗೆ. ಏರಿಯ ಮೇಲಿನ ಗರಿಕೆಯನ್ನು ಬೇರು ಸಮೇತ ಕಿತ್ತು ಗೋಣಿಚೀಲದಲ್ಲಿ ತಂದಿದ್ದರು. ನೆಲವನ್ನು ಕೆಸರು ಮಾಡಿ, ಸೀರೆ ಎತ್ತಿಕಟ್ಟಿ, ಐದು ಜನ ಸಾಲಾಗಿ ಬಗ್ಗಿ, ಪದ ಹೇಳುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ಒಂದೊಂದೇ ಎಸಳು ನೆಟ್ಟರು. ಥೇಟು ಭತ್ತದ ನಾಟಿ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಹುಲ್ಲನ್ನ ಹೀಗೂ ಹಾಕ್ತಾರಾ?" ಅಂದೆ.

"ಪೈರು ಅನ್ನದೂ ಒಂದು ಉಲ್ಲೇ ಕಣವ್ವ" ಅಂದರು ಚಿಕ್ಕತಾಯಮ್ಮ. "ಬನ್ನಿ ಇತ್ಲಾಗೆ, ನೀವೂ ಒಂದು ಸಾಲು ಇಡೀರಿ. ನಮ್ ಗದ್ದೆಗೆ ಬಂದಾಗ ಕಲ್ಸ್ಕಂಡು ಕೂರಕ್ಕೆ ನಂಗೆ ಪುರುಸೊತ್ತಿರಾಕಿಲ್ಲ."

ಆಗಲೇ ನನಗೆ ಹೊಳೆದದ್ದು. ಮರ್ಯಾದೆಯ ಮಾತಲ್ಲ ಇದು! ಸೆರಗು ಸಿಕ್ಕಿಸಿ ಇಳಿದೆ. ಅರ್ಧ ಸಾಲಿಗೆ ಸೊಂಟ ಹಿಡಿಯಿತು. ನಾನು ನೆಟ್ಟ ಸಾಲು ಹಾವು ಹರಿದ ಹಾಗೆ ಹೋಗಿತ್ತು. ಒಬ್ಬಾಕೆ ಹಿಂದಿನಿಂದ ಬಂದು ಮಾತಾಡದೆ ಅದನ್ನೆಲ್ಲ ಕಿತ್ತು ಮತ್ತೆ ನೆಟ್ಟಳು.

ಜಗಳವೂ ಆಯಿತು, ಅದನ್ನು ಮುಚ್ಚಿಡಬಾರದು. ಬದುವಿನ ಮೇಲೆ ನನಗೆ ಹೂವಿನ ಗಿಡ ಬೇಕಿತ್ತು. ಚಿಕ್ಕತಾಯಮ್ಮ ನನ್ನನ್ನು ಒಂದು ಮಾತೂ ಕೇಳದೆ ಉದ್ದಕ್ಕೂ ಬದನೆ ಸಸಿ ಚುಚ್ಚಿಬಿಟ್ಟಿದ್ದರು. "ಒಟ್ಟೆಗಾಗ್ದಿರೋ ಗಿಡುಕ್ಕೆ ಒಳ್ಳೆ ಗೋಡ್ ಮಣ್ಣು ದಂಡ ಮಾಡ್ತೀರಾ?" ಅಂತ ನನಗೇ ದಬಾಯಿಸಿದರು. ನಾನೂ ಬಿಡಲಿಲ್ಲ, ನನ್ನ ಹಿತ್ತಲು, ನನ್ನ ಬದು ಅಂದೆ. ಕೊನೆಗೆ ಮೇಲಿನ ಬದು ಕನಕಾಂಬರಕ್ಕೆ, ಕೆಳಗಿನ ಬದು ಬದನೆಗೆ ಅಂತ ರಾಜಿಯಾಯಿತು. ತಗ್ಗಿನ ಅಂಚಿಗೆ ಗೌಡರು ಬಾಳೆಕಂದು ನೆಟ್ಟರು. "ಇವು ಕುಡುಕ್ ನನ್ಮಕ್ಳು. ಎಷ್ಟ್ ನೀರ್ ಬಂದ್ರೂ ಕುಡೀತವೆ" ಅಂದರು.

ಅವರೆಲ್ಲ ಗಾಡಿ ಹತ್ತಿದ ಮೇಲೆ ಕಾಯುವುದು ಶುರುವಾಯಿತು. ದಿನಾ ಸಂಜೆ ಅಡುಗೆಮನೆಯ ನೆಲಕ್ಕೆ ಹಳೆಯ ಪೇಪರಿನ ಒಂದು ಹಾಳೆ ಹಾಸುತ್ತಿದ್ದೆ, ಬೆಳಿಗ್ಗೆ ಎತ್ತಿ ನೋಡುತ್ತಿದ್ದೆ. ಮೊದಲ ವಾರ ಹಾಳೆ ನೆಲಕ್ಕೆ ಅಂಟಿ ಹರಿಯುತ್ತಿತ್ತು. ಯಜಮಾನರು ನೋಡಿಯೂ ನೋಡದ ಹಾಗೆ ಹೋಗುತ್ತಿದ್ದರು. ಎರಡನೆಯ ವಾರ ನಡುವೆ ಒಂದು ತಟ್ಟೆಯಷ್ಟು ಒದ್ದೆ. ಆಮೇಲೆ ಒಂದು ಮಧ್ಯಾಹ್ನ ಗುಡುಗಿ ಸಿಡಿಲಾಗಿ ಜೋರು ಮಳೆ ಬಿತ್ತು. ನಾನು ಶಾಲೆಯಿಂದ ಬಂದವಳೇ ಕೊಡೆ ಹಿಡಿದು ಹಿತ್ತಲಿಗೆ ಓಡಿದೆ. ಕಾಲುವೆಯಲ್ಲಿ ಕೆಂಪು ನೀರು ಭರ್ರನೆ ಬಂದು, ಒಡೆದ ಗೋಡೆಯ ಬಾಯಿಂದ ಹೊರಗೆ ಧುಮುಕುತ್ತಿತ್ತು. ಹಿತ್ತಲಲ್ಲಿ ಒಂದು ಹನಿ ನಿಂತಿರಲಿಲ್ಲ. ಹಿಂತಿರುಗಿದರೆ ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ನನ್ನನ್ನು ಕಂಡು ಒಳಗೆ ಹೋದರು. ಮೂರನೆಯ ವಾರ ಹಾಳೆ ಗರಿಗರಿಯಾಗಿ ಎದ್ದು ಬಂತು. ವೀಣಾ ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರಾಡುತ್ತ ಮಲಗಿದ್ದಳು. ಎಷ್ಟು ಹೊತ್ತು ಅವಳನ್ನೇ ನೋಡುತ್ತ ಕೂತಿದ್ದೆನೋ, ಅವತ್ತು ಬಸ್ಸು ತಪ್ಪಿತು.

ಇನ್ನೇನು ಮನೆ ಉಳಿಯಿತು ಅಂದುಕೊಂಡಿದ್ದೆ. ಯಜಮಾನರು ಮಾತ್ರ ಸಾಹುಕಾರರಿಗೆ ಬರಬೇಡಿ ಅಂತ ಹೇಳಿ ಕಳಿಸಲಿಲ್ಲ. ಕೊಟ್ಟ ಮಾತು ಅವರಿಗೆ ದೊಡ್ಡದು. ಗುರುವಾರ ಶಾಲೆಯ ಬಾಗಿಲಿಗೆ ಬೋರೇಗೌಡರು ಬಂದರು. "ಮೇಡಂನೋರೇ, ಭಾನುವಾರ ನಮ್ ನಾಟಿ. ನೀರ್ ಸರದಿ ಬಂದದೆ, ಮುಂದುಕ್ಕೆ ಆಕಂಗಿಲ್ಲ. ಇಬ್ರೂ ಒತ್ತಾರೆ ಬಸ್ಗೇ ಬಂದ್ಬುಡಿ" ಅಂದು ಹೋದರು. ಶ್ರಾವಣದ ಕೊನೆಯ ಭಾನುವಾರವೇ.

ಮನೆಗೆ ಬಂದು ಹೇಳಿದೆ. "ಸಾಹುಕಾರರು ಅವತ್ತೇ ಬರ್ತಾರೆ. ನಾನು ಮಾತು ಕೊಟ್ಟಿದ್ದೀನಲ್ಲ" ಅಂದರು.

"ನಾನೂ ಕೊಟ್ಟಿದ್ದೀನ್ರೀ. ಎರಡಾಳು ಅಂತ."

"ನೀನು ನಗ್ತಾ ಕೊಟ್ಟಿದ್ದು."

"ಅವರು ನಗ್ತಾ ಕೆಲಸ ಮಾಡಲಿಲ್ಲ. ನೆಲ ಒಣಗಿದೆ, ಮಗು ಉಸಿರಾಡ್ತಾ ಇದೆ, ಇನ್ನೂ ಏನಾಗಬೇಕು ನಿಮಗೆ?"

"ಮುಂದಿನ ವರ್ಷವೂ ಹೀಗೇ ಇರುತ್ತೆ ಅಂತ ಯಾರು ಬರೆದುಕೊಡ್ತಾರೆ ಕಮಲಾ? ಆಗ ಕೊಳ್ಳೋರು ಸಿಗದೇ ಹೋದ್ರೆ?" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು.

ಭಾನುವಾರ ಹಳೆಯ ಸೀರೆ ಉಟ್ಟು, ವೀಣಾಳನ್ನು ಕರೆದುಕೊಂಡು ಮೊದಲ ಬಸ್ಸಿಗೆ ಹೊರಟೆ. ಯಜಮಾನರು ಇಸ್ತ್ರಿ ಪಂಚೆ ಉಟ್ಟು ಜಗಲಿಯ ಮೇಲೆ ಕುರ್ಚಿ ಹಾಕುತ್ತಿದ್ದರು.

ಗದ್ದೆಯಲ್ಲಿ ಹನ್ನೆರಡು ಜನ ಹೆಂಗಸರು ಆಗಲೇ ಇಳಿದಿದ್ದರು. "ಅಯ್ನೋರೆಲ್ಲವ್ವಾ?" ಅಂದರು ಚಿಕ್ಕತಾಯಮ್ಮ. ಬರ್ತಾರೆ ಅಂದೆ. ನಾನು ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಪಾಠ ಹೇಳುವವಳು. ಚಿಕ್ಕತಾಯಮ್ಮ ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ಕೆಸರಿಗೆ ಕಾಲಿಟ್ಟರೆ ಮೊಣಕಾಲುದ್ದ ಹೂತಿತು. ಬಗ್ಗಿದೆ. ಅಕ್ಕಪಕ್ಕದವರು ನಾಲ್ಕು ಸಾಲು ಮುಗಿಸುವಾಗ ನನ್ನದು ಒಂದು. "ಮೇಡಂನೋರೇ, ಮಕ್ಳುಗೆ ಸಾಲ್ನಲ್ಲಿ ನೆಟ್ಟುಗ್ ನಿಂತ್ಕಳಿ ಅಂತೀರಲ್ಲ, ನಿಮ್ ಸಾಲೇ ಸೊಟ್ಟಗದಲ್ಲ!" ಅಂತ ಒಬ್ಬಾಕೆ ಅಂದದ್ದಕ್ಕೆ ಗದ್ದೆಯೆಲ್ಲ ನಗು. ನಾನೂ ನಕ್ಕೆ. ಆದರೆ ಮನಸ್ಸು ಮಂಡ್ಯದಲ್ಲಿತ್ತು. ಈಗ ಸಾಹುಕಾರರು ಬಂದಿರುತ್ತಾರೆ. ಈಗ ಕಾಫಿ ಕೊಟ್ಟಿರುತ್ತಾರೆ. ಈಗ ಒಳಗಿನ ಕೋಣೆ ತೋರಿಸುತ್ತಿರುತ್ತಾರೆ. ಒಂದೊಂದು ಪೈರು ಊರುವಾಗಲೂ ನನ್ನ ಮನೆಯ ಒಂದೊಂದು ಬಾಗಿಲು ಮುಚ್ಚಿದ ಹಾಗೆ ಅನ್ನಿಸುತ್ತಿತ್ತು.

ಬಿಸಿಲು ನೆತ್ತಿಗೆ ಬಂದಿತ್ತು. ಬದುವಿನ ಮೇಲೆ ಆಡುತ್ತಿದ್ದ ವೀಣಾ "ಅಪ್ಪಾ!" ಎಂದು ಕೂಗಿದಳು. ತಲೆ ಎತ್ತಿದೆ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಚಪ್ಪಲಿ, ಪಂಚೆ ಎತ್ತಿಕಟ್ಟಿಕೊಂಡು, ತಂತಿಯ ಮೇಲೆ ನಡೆಯುವವರ ಹಾಗೆ ಬದುವಿನ ಮೇಲೆ ಬರುತ್ತಿದ್ದರು. ಮುಖದಲ್ಲಿ ಏನೂ ಬರೆದಿರಲಿಲ್ಲ. ಮಾರಿ ಬಂದರೋ, ಬಿಟ್ಟು ಬಂದರೋ? ಹನ್ನೆರಡು ಜನರ ನಡುವೆ ಕೇಳುವುದು ಹೇಗೆ? ಅವರು ನನ್ನ ಕಡೆ ನೋಡಲೂ ಇಲ್ಲ, ಸೀದಾ ಗೌಡರ ಹತ್ತಿರ ಹೋಗಿ, "ಹೊತ್ತಾಯ್ತು, ತಪ್ಪು ತಿಳ್ಕೋಬೇಡಿ. ನಾನೇನು ಮಾಡಲಿ?" ಅಂದರು.

ಗಂಡಸರ ಕೆಲಸ ಪೈರಿನ ಕಂತೆ ಹೊತ್ತು ತರುವುದು. ಗೌಡರು ನಾಲ್ಕು ಕಂತೆ ಹೊರಿಸಿದರು. ಎರಡನೆಯ ಸಲ ತರುವಾಗ ಜಾರಿ ಕೆಸರಿನಲ್ಲಿ ಧೊಪ್ಪನೆ ಕೂತರು. ಇಸ್ತ್ರಿ ಪಂಚೆ! ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು, ವೀಣಾ ಚಪ್ಪಾಳೆ ತಟ್ಟಿದಳು. ಅವರು ಎದ್ದು ಕಂತೆಗಳನ್ನು ಎಣಿಸಿದ ಹಾಗೆ ಆರಿಸಿಕೊಂಡು ಮತ್ತೆ ಹೊರಟರು. ನನಗೆ ಮಾತ್ರ ನಗು ಬರಲಿಲ್ಲ, ಅವರ ಬೆನ್ನನ್ನೇ ನೋಡುತ್ತಿದ್ದೆ.

ಊಟಕ್ಕೆ ಎಲ್ಲರೂ ಹೊಂಗೆ ಮರದ ನೆರಳಿಗೆ ಕೂತೆವು. ಮುದ್ದೆ, ಹುರುಳಿಕಾಳಿನ ಉಪ್ಪೆಸರು. "ನಿಮ್ಗೆ ಅಂತ ಈರುಳ್ಳಿ ಆಕ್ದೆ ಬ್ಯಾರೆ ಮಾಡಿವ್ನಿ, ಉಣ್ಣಿ" ಎಂದು ಚಿಕ್ಕತಾಯಮ್ಮ ನಮ್ಮ ಎಲೆಗೆ ಬಡಿಸಿದರು. ಬೋರೇಗೌಡರು ಕೆಸರು ಮೆತ್ತಿದ ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿ ನಗುತ್ತ ಕೇಳಿದರು:

"ಎಂಗೆ ಅಯ್ನೋರೇ, ಮುಂದಿನ್ ವರ್ಸವೂ ನಾಟಿಗೆ ಬತ್ತೀರಾ, ಇಲ್ಲ ಈ ಸಲುಕ್ಕೇ ಸಾಕಾಯ್ತಾ?"

ನನ್ನ ಕೈಯ ತುತ್ತು ಅಲ್ಲೇ ನಿಂತಿತು.

ಅವರು ಮುದ್ದೆ ಮುರಿಯುವುದು ಹೇಗೆಂದು ತಿಳಿಯದೆ ಒದ್ದಾಡುತ್ತಿದ್ದರು. ತಲೆ ಎತ್ತದೆ ಹೇಳಿದರು: "ಬರ್ತೀವಿ ಗೌಡರೇ. ಎಲ್ಲಿಗೆ ಹೋಗ್ತೀವಿ, ಇಲ್ಲೇ ಇರ್ತೀವಲ್ಲ. ಇದನ್ನೇ ಸಾಹುಕಾರರಿಗೂ ಹೇಳಿ ಕಳಿಸಿ ಬಂದೆ."

ನನಗೆ ಅಳು ಬಂದುಬಿಟ್ಟಿತು. ತಡೆದುಕೊಳ್ಳಲು ಆಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅದ್ಯಾಕವ್ವ, ಸಾರು ಕಾರ ಆಯ್ತಾ?" ಅಂದರು ಚಿಕ್ಕತಾಯಮ್ಮ.

ಹೌದು, ಸ್ವಲ್ಪ ಕಾರ, ಅಂದೆ. ಇನ್ನೊಂದು ಮುದ್ದೆ ಹಾಕಿಸಿಕೊಂಡೆ.